ಅಡಿಕೆ ಹಾಳೆಯ ಬೆಂಕಿ, ಅರಳಿ ಎಲೆಯ ರೆಕ್ಕೆ

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಡ್ರ್ಯಾಗನ್‌ಬಾರ್ನ್, ಅಂದರೆ ಡ್ರ್ಯಾಗನ್ ಮುಖದ ಮನುಷ್ಯನ ಪಾತ್ರ ಆರಿಸಿಕೊಂಡವರು ಕತ್ತಿ, ಗುರಾಣಿ, ಊರು, ವಂಶ ಯಾವುದನ್ನೂ ಮೊದಲು ಕೇಳುವುದಿಲ್ಲ. "ಬೆಂಕಿ ಯಾವಾಗ ಉಗುಳಬಹುದು?" ಅನ್ನುತ್ತಾರೆ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಟದ ನಿಯಮ ಪುಸ್ತಕ, ಇದಕ್ಕೆ ಕೊಡುವ ಉತ್ತರ ಸಪ್ಪೆ. ಒಂದು ಸಲ ಉಗುಳಿ, ಆಮೇಲೆ ವಿಶ್ರಾಂತಿ ಆಗುವವರೆಗೆ ಸುಮ್ಮನಿರಿ. ಉಗುಳಿದ ಸರದಿಯಲ್ಲಿ ಆಯುಧದ ಏಟೂ ಇಲ್ಲ. ಮುಖ ಡ್ರ್ಯಾಗನ್‌ದು, ಆಟ ಮಾತ್ರ ಮಾಮೂಲಿ ಸಿಪಾಯಿಯದು.

ಈ ಮಳೆಗಾಲಕ್ಕೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಹೊಸ ಕಥೆ ಶುರು ಮಾಡುವಾಗ ನಾಲ್ವರು ಆಟಗಾರರೂ ಡ್ರ್ಯಾಗನ್ ನಂಟಿನ ಪಾತ್ರವೇ ಬೇಕು ಅಂದರು. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನು. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡುವ ಭಾವನಿಗೆ ಕೆಂಪು ಡ್ರ್ಯಾಗನ್‌ಬಾರ್ನ್ ಫೈಟರ್, ಅಂದರೆ ಕತ್ತಿಯಾಳು. ಪಿಯುಸಿ ಓದುವ ಅಕ್ಕನ ಮಗಳಿಗೆ ಸಾಕು ಡ್ರೇಕ್ (ಪುಟ್ಟ ಡ್ರ್ಯಾಗನ್) ಇರುವ ರೇಂಜರ್, ಅಂದರೆ ಕಾಡಿನ ಬೇಟೆಗಾರ್ತಿ. ಚಿಕ್ಕಪ್ಪನ ಮಗನಿಗೆ ರೋಗ್, ಅಂದರೆ ಅಡಗಿ ಚುಚ್ಚುವ ಕಳ್ಳ, ಅದೂ ಹಾರಬೇಕು. ಗೆಳೆಯನಿಗೆ ಡ್ರ್ಯಾಗನ್ ರಕ್ತದ ಸಾರ್ಸರರ್, ಅಂದರೆ ಮಂತ್ರಗಾರ. ಆ ಪಾತ್ರಗಳ ನಿಯಮಗಳನ್ನೂ ಮೇಜಿನ ಮೇಲಿನ ಸಾಮಾನನ್ನೂ ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಗೇ ಎತ್ತಿಕೊಂಡು ಆಡಬಹುದು, ಬೇಡದ್ದನ್ನು ಬಿಡಬಹುದು.

ಮೊದಲು ಉಸಿರಿನ ಬೆಲೆ

ಹೆಚ್ಚಿನವರು ಡ್ರ್ಯಾಗನ್‌ಬಾರ್ನ್ ಸಪ್ಪೆ ಅನ್ನಿಸಿದ ಕೂಡಲೇ ದಾಳ ಹೆಚ್ಚಿಸುತ್ತಾರೆ. 2ಡಿ6 ಇದ್ದದ್ದನ್ನು 3ಡಿ6 ಮಾಡುತ್ತಾರೆ. 2ಡಿ6 ಅಂದರೆ ಆರು ಮುಖದ ದಾಳ ಎರಡು, ಅಷ್ಟೆ. ನನಗೆ ಅದು ಸರಿ ಕಾಣುವುದಿಲ್ಲ. ತೊಂದರೆ ಇರುವುದು ಹಾನಿಯಲ್ಲಿ ಕಡಿಮೆ, ಅದಕ್ಕೆ ತೆರುವ ಬೆಲೆಯಲ್ಲಿ ಜಾಸ್ತಿ.

ಲೆಕ್ಕ ಹಾಕಿ ನೋಡೋಣ. ಒಂದನೇ ಲೆವೆಲ್‌ನ ಫೈಟರ್ ಕೈಯಲ್ಲಿ ದೊಡ್ಡ ಕತ್ತಿ, ಶಕ್ತಿಯ ಅಂಕ 3. ತಾಗಿದರೆ 2ಡಿ6 ಕೂಡಿಸು 3, ಸರಾಸರಿ 10. 2014ರ ಪುಸ್ತಕದ ಗಾಬ್ಲಿನ್ ಅನ್ನುವ ಕುಳ್ಳ ಶತ್ರುವಿನ ರಕ್ಷಣೆ 15. ಏಟಿಗೆ 5 ಕೂಡುವುದರಿಂದ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಮೇಲೆ ಬೀಳಬೇಕು, ಅಂದರೆ ನೂರಕ್ಕೆ 55. ಸರಾಸರಿ ಹಾನಿ ಐದೂವರೆ. ಅದೇ ಫೈಟರ್ ಹಳೆಯ ನಿಯಮದಲ್ಲಿ ಉಸಿರು ಬಿಟ್ಟರೆ 2ಡಿ6, ಸರಾಸರಿ 7. ಸೇವಿಂಗ್ ಥ್ರೋ, ಅಂದರೆ ತಪ್ಪಿಸಿಕೊಳ್ಳುವ ದಾಳ, ಗೆದ್ದವರಿಗೆ ಅರ್ಧ. ಗೆಲ್ಲಬೇಕಾದ ಅಂಕಕ್ಕೆ ಮೂಲ 8, ಪ್ರೊಫಿಷಿಯನ್ಸಿ (ಲೆವೆಲ್ ಜೊತೆ ಏರುವ ಪಳಗಿದ ಕೈಯ ಅಂಕ) 2, ದೇಹದಾರ್ಢ್ಯದ 2, ಒಟ್ಟು 12. ಗಾಬ್ಲಿನ್ ತನ್ನ ಚುರುಕುತನದ 2 ಕೂಡಿಸಿ ಅದನ್ನು ನೂರಕ್ಕೆ 55 ಸಲ ಗೆಲ್ಲುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಸರಾಸರಿ ಐದರ ಹತ್ತಿರ ಹಾನಿ. ಒಬ್ಬನೇ ಇದ್ದರೆ ಕತ್ತಿ ಸ್ವಲ್ಪ ಮೇಲು, ಇಬ್ಬರು ಸಿಕ್ಕರೆ ಉಸಿರು ಲಾಭ. ಇಲ್ಲಿಯವರೆಗೆ ಪರವಾಗಿಲ್ಲ.

ಐದನೇ ಲೆವೆಲ್‌ನಲ್ಲಿ ಎಲ್ಲ ತಲೆಕೆಳಗಾಗುತ್ತದೆ. ಫೈಟರ್‌ಗೆ ಒಂದೇ ಸರದಿಯಲ್ಲಿ ಎರಡು ಏಟು ಬರುತ್ತವೆ. ಶಕ್ತಿ 4ಕ್ಕೆ ಏರಿದ್ದರೆ ಎರಡೂ ತಾಗಿದಾಗ ಸರಾಸರಿ 22. ಉಸಿರು ಮಾತ್ರ ಇನ್ನೂ 2ಡಿ6ರಲ್ಲೇ ಕೂತಿರುತ್ತದೆ. ಆರನೇ ಲೆವೆಲ್‌ಗೆ 3ಡಿ6 ಆಗುತ್ತದೆ, ಅಂದರೆ ಹತ್ತೂವರೆ. ಎರಡು ಕತ್ತಿ ಏಟು ಬಿಟ್ಟು ಅದನ್ನು ಯಾರು ಉಗುಳುತ್ತಾರೆ?

2021ರಲ್ಲಿ ಬಂದ ಫಿಜ್‌ಬನ್ಸ್ ಟ್ರೆಷರಿ ಆಫ್ ಡ್ರ್ಯಾಗನ್ಸ್ ಇದನ್ನು ಸರಿಯಾದ ಜಾಗದಲ್ಲಿ ರಿಪೇರಿ ಮಾಡಿತು. ಉಸಿರು ಇಡೀ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ತಿನ್ನುವುದಿಲ್ಲ, ಒಂದು ಏಟಿನ ಜಾಗ ಮಾತ್ರ ತೆಗೆದುಕೊಳ್ಳುತ್ತದೆ. ಒಂದನೇ ಲೆವೆಲ್‌ನಲ್ಲಿ 1ಡಿ10, ಐದಕ್ಕೆ 2ಡಿ10, ಹನ್ನೊಂದಕ್ಕೆ 3ಡಿ10, ಹದಿನೇಳಕ್ಕೆ 4ಡಿ10. ಪ್ರೊಫಿಷಿಯನ್ಸಿ ಎಷ್ಟೋ ಅಷ್ಟು ಸಲ ಬಳಸಬಹುದು, ರಾತ್ರಿ ನಿದ್ದೆ ಆದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇದನ್ನೇ ಉಳಿಸಿಕೊಂಡು ಒಂದು ಅನುಕೂಲ ಸೇರಿಸಿತು. ಉಸಿರು ಹರಡುವುದು 15 ಅಡಿಯ ಶಂಕುವೋ 30 ಅಡಿಯ ಗೆರೆಯೋ, ಪ್ರತಿ ಸಲವೂ ಆಟಗಾರರೇ ಆರಿಸಬಹುದು. ಹಳೆಯ ಪುಸ್ತಕದಲ್ಲಿ ಕೆಂಪು, ಬಂಗಾರ, ಹಸಿರು, ಬಿಳಿ, ಬೆಳ್ಳಿಗೆ ಶಂಕು, ಉಳಿದ ಬಣ್ಣಗಳಿಗೆ ಗೆರೆ ಅಂತ ಕಟ್ಟಿಹಾಕಿತ್ತು. ಹೊಸದರಲ್ಲಿ ಐದನೇ ಲೆವೆಲ್‌ಗೆ ಹತ್ತು ನಿಮಿಷದ ರೆಕ್ಕೆಯೂ ಇದೆ, ದಿನಕ್ಕೊಮ್ಮೆ.

ನಾವು ತೆಗೆದುಕೊಂಡದ್ದು 2024ರ ರೂಪ. ಆದರೂ ಒಂದು ತೂತು ಉಳಿದಿದೆ. ಒಂದರಿಂದ ನಾಲ್ಕನೇ ಲೆವೆಲ್‌ವರೆಗೆ ಯಾರಿಗೂ ಎರಡು ಏಟಿಲ್ಲ. ಒಂದೇ ಏಟಿರುವಾಗ "ಒಂದು ಏಟಿನ ಜಾಗ" ಅಂದರೆ ಇಡೀ ಸರದಿಯೇ. ಅದರ ಮೇಲೆ 1ಡಿ10ರ ಸರಾಸರಿ ಐದೂವರೆ, ಹಳೆಯ 7ಕ್ಕಿಂತ ಕಡಿಮೆ. ನಮ್ಮಂಥ ಮನೆ ಆಟಗಳು ಈ ಲೆವೆಲ್‌ಗಳಲ್ಲೇ ಹೆಚ್ಚು ಕಾಲ ಇರುತ್ತವೆ, ಅಲ್ವಾ?

ಅದಕ್ಕೆ ನಮ್ಮ ತೇಪೆ ಇದು: ನಾಲ್ಕನೇ ಲೆವೆಲ್ ಮುಗಿಯುವವರೆಗೆ, ಉಸಿರು ಬಿಟ್ಟ ಸರದಿಯಲ್ಲೇ ಬೋನಸ್ ಆಕ್ಷನ್, ಅಂದರೆ ಸರದಿಗೊಂದು ಸಿಗುವ ಸಣ್ಣ ಕೆಲಸ, ಖರ್ಚು ಮಾಡಿ ಆಯುಧದ ಒಂದು ಏಟು ಹಾಕಬಹುದು. ಹಾನಿಗೆ ದಾಳ ಮಾತ್ರ, ಶಕ್ತಿಯ ಅಂಕ ಕೂಡಿಸುವಂತಿಲ್ಲ. ಐದನೇ ಲೆವೆಲ್‌ಗೆ ಈ ತೇಪೆ ತಾನಾಗಿ ಕಿತ್ತುಹೋಗುತ್ತದೆ, ಆಗ 2ಡಿ10 ಬಂದಿರುತ್ತದೆ. ಆ ಲೆವೆಲ್‌ಗಳಲ್ಲಿ ಪ್ರೊಫಿಷಿಯನ್ಸಿ 2 ಆದ್ದರಿಂದ ದಿನಕ್ಕೆ ಎರಡೇ ಸಲ. ಆಟ ಕೆಡಿಸುವಷ್ಟು ದೊಡ್ಡದಲ್ಲ.

ಭಾವ ಇದನ್ನು ಪ್ರಯೋಗಿಸಿದ್ದು ಕವಲೇದುರ್ಗದ ಮೇಲೆ. ಕೆಳದಿ ನಾಯಕರ ಆ ಕೋಟೆಯ ಸುತ್ತುಗೋಡೆಗಳನ್ನು ನೆನಪಿನಿಂದಲೇ ಚೌಕದ ಹಾಳೆಯ ಮೇಲೆ ಬರೆದು ನಕ್ಷೆ ಮಾಡಿಕೊಂಡಿದ್ದೆ. ಎರಡನೇ ಬಾಗಿಲ ಹತ್ತಿರ ಮೂರು ಗಾಬ್ಲಿನ್. ಭಾವ ಉಗುಳಿದರು, ಇಬ್ಬರು ಬಿದ್ದರು, ಉಳಿದವನಿಗೆ ಕತ್ತಿ ಬೀಸಿದರು.

"ಈಗ ಸರಿಯಾಯ್ತು ಮಾರಾಯ. ಮೊದ್ಲು ಬೆಂಕಿ ಉಗುಳಿ ಬಾಯಿ ಒರೆಸಿಕೊಂಡು ನಿಲ್ಬೇಕಿತ್ತು."

"ದಿನಕ್ಕೆ ಎರಡೇ ಸಲ ಭಾವ, ಲೆಕ್ಕ ಇಟ್ಕೊಳ್ಳಿ."

"ಅಡಿಕೆ ವ್ಯಾಪಾರದವನಿಗೆ ಲೆಕ್ಕ ಹೇಳ್ಕೊಡ್ತೀಯೇನೋ?"

ಹಾರುವ ಓತಿಯ ವಂಶ

ಚಿಕ್ಕಪ್ಪನ ಮಗನಿಗೆ ಬೇಕಾದ ರೆಕ್ಕೆಯದೇ ದೊಡ್ಡ ಕೆಲಸ. ಮೊದಲ ಲೆವೆಲ್‌ನಿಂದಲೇ ಹಾರುವ ಪಾತ್ರ ಕೊಟ್ಟರೆ ಹಳ್ಳ, ಗೋಡೆ, ಕಂದಕ ಯಾವುದಕ್ಕೂ ಅರ್ಥ ಇರುವುದಿಲ್ಲ. ಕೋಟೆಯ ನಕ್ಷೆ ಬರೆದ ನನ್ನ ಶ್ರಮ ನೀರುಪಾಲು.

ಉತ್ತರ ಭಾವನ ತೋಟದಲ್ಲೇ ಇತ್ತು. ನಮ್ಮ ಪಶ್ಚಿಮ ಘಟ್ಟದ ಹಾರುವ ಓತಿಯ ವೈಜ್ಞಾನಿಕ ಹೆಸರು ಡ್ರೇಕೊ ಡುಸುಮಿಯೆರಿ. ಹೆಸರಲ್ಲೇ ಡ್ರ್ಯಾಗನ್ ಇದೆ. 1837ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡು ಕೂತರೆ ತೊಗಟೆ ಯಾವುದು, ಓತಿ ಯಾವುದು ಗೊತ್ತಾಗುವುದಿಲ್ಲ. ಇರುವೆ ತಿಂದುಕೊಂಡು ಮೇಲೆ ಮೇಲೆ ಏರುತ್ತದೆ, ಅಲ್ಲಿಂದ ಪಕ್ಕದ ಮರಕ್ಕೆ ತೇಲುತ್ತದೆ. ಗಂಡಿಗೆ ಗಂಟಲ ಕೆಳಗೆ ಹಳದಿ ಪಟ. ಅದನ್ನು ಬಿಚ್ಚಿ ಮುಚ್ಚಿ ಹೆಣ್ಣಿಗೂ ಎದುರಾಳಿಗೂ ತೋರಿಸುತ್ತದೆ.

ಇದರ ರೆಕ್ಕೆ ಹಕ್ಕಿಯ ಹಾಗೆ ತೋಳಿನಿಂದ ಬಂದದ್ದಲ್ಲ. ಪಕ್ಕೆಲುಬುಗಳೇ ಉದ್ದವಾಗಿ ಹೊರಚಾಚಿ, ಅವುಗಳ ನಡುವೆ ಚರ್ಮ ಹರಡಿಕೊಂಡಿದೆ. ಹಾಗಾದರೆ ತೇಲುವಾಗ ಕೈ ಖಾಲಿ, ಕೈಯಲ್ಲಿ ಬಿಲ್ಲು ಹಿಡಿಯಬಹುದು ಅಂತ ನಮ್ಮ ರೋಗ್‌ನ ವಾದ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ವಾದಕ್ಕೆ ಕಲ್ಲು ಹಾಕಿತು. ಆಗುಂಬೆ ಸುತ್ತಿನಲ್ಲಿ ಇದೇ ಓತಿಯನ್ನು ಗಮನಿಸಿ ಮಾಡಿದ ಅಧ್ಯಯನ ಅದು. ಮರ ಬಿಟ್ಟ ಮೇಲೆ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದಂತೆ. ಹಿಡಿದುಕೊಂಡೇ ದಿಕ್ಕು ತಿರುಗಿಸುತ್ತದೆ. ಇಳಿಯುವ ಮುಂಚೆ ಬಿಟ್ಟು ಮರಕ್ಕೆ ಕೈ ಚಾಚುತ್ತದೆ. ನನಗೆ ಬೇಕಾಗಿದ್ದ ಕಡಿವಾಣ ಓತಿಯೇ ಕೊಟ್ಟಿತು. ತೇಲುವಾಗ ಎರಡೂ ಕೈ ಕೆಲಸದಲ್ಲಿ, ಏಟು ಹಾಕುವಂತಿಲ್ಲ, ಬಾಣ ಬಿಡುವಂತಿಲ್ಲ.

ಆಮೇಲೆ ನಿಯಮ ಬರೆಯುವುದು ಸುಲಭವಾಯಿತು. 2024ರ ಡ್ರ್ಯಾಗನ್‌ಬಾರ್ನ್‌ನಿಂದ ಉಸಿರು, ಹಾನಿ ತಡೆಯುವ ಗುಣ, ಐದನೇ ಲೆವೆಲ್‌ನ ರೆಕ್ಕೆ ಮೂರನ್ನೂ ತೆಗೆದೆ. ಕತ್ತಲಲ್ಲಿ ಕಾಣುವ ಕಣ್ಣು ಉಳಿಸಿದೆ. ಆ ಖಾಲಿ ಜಾಗಕ್ಕೆ ಹೀಗೆ ತುಂಬಿದೆ.

ಹತ್ತುವ ವೇಗ 20 ಅಡಿ. ಮರದ ಕಾಂಡಕ್ಕೋ ಹಳೆಯ ಗೋಡೆಗೋ ಅಂಟಿ ಅಲುಗಾಡದೆ ಕೂತರೆ ಅಡಗುವ ದಾಳವನ್ನು ಎರಡು ಸಲ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಬೀಳುವಾಗ ರಿಯಾಕ್ಷನ್, ಅಂದರೆ ಸುತ್ತಿಗೊಮ್ಮೆ ಸಿಗುವ ದಿಢೀರ್ ಪ್ರತಿಕ್ರಿಯೆ, ಖರ್ಚು ಮಾಡಿ ರೆಕ್ಕೆ ಬಿಚ್ಚಬಹುದು. ಪ್ರತಿ 1 ಅಡಿ ಇಳಿತಕ್ಕೆ 2 ಅಡಿ ಮುಂದಕ್ಕೆ. ಬಿದ್ದ ಎತ್ತರದಲ್ಲಿ 100 ಅಡಿಯವರೆಗೆ ಪೆಟ್ಟಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಎರಡು ಸಂಖ್ಯೆಗಳು ನನ್ನವಲ್ಲ, 2018ರ ರಾವ್ನಿಕಾ ಪುಸ್ತಕದ ಸಿಮಿಕ್ ಹೈಬ್ರಿಡ್ ಪಾತ್ರಕ್ಕೆ ಇರುವ ತೇಲುವ ಗುಣದಿಂದ ತಂದವು. ರಿಯಾಕ್ಷನ್ ಬೆಲೆ ಮಾತ್ರ ನಾನು ಸೇರಿಸಿದ್ದು.

ಆ ಬೆಲೆ ಯಾಕೆ ಬೇಕು ಅಂದರೆ, ಪುಕ್ಕಟೆ ಇದ್ದಾಗ ರೋಗ್ ಗೋಡೆ ಮೇಲಿಂದ ತೇಲಿ ಬಂದು ಚುಚ್ಚಿ, ಓಡಿ, ಎದುರಾಳಿಯ ಸರದಿಯಲ್ಲಿ ಪೆಟ್ಟನ್ನೂ ಅರ್ಧ ಮಾಡಿಕೊಳ್ಳಬಹುದು. ಐದನೇ ಲೆವೆಲ್‌ಗೆ ರೋಗ್‌ಗೆ ಬರುವ, ಪೆಟ್ಟು ಅರ್ಧ ಮಾಡುವ ಅನ್‌ಕ್ಯಾನಿ ಡಾಡ್ಜ್‌ಗೂ ರಿಯಾಕ್ಷನ್ ಬೇಕು. ಈಗ ಎರಡರಲ್ಲಿ ಒಂದು. ತೇಲಿ ಬಂದ ಸುತ್ತಿನಲ್ಲಿ ಪೆಟ್ಟು ಬಿದ್ದರೆ ಪೂರ್ತಿ ತಿನ್ನಬೇಕು.

ಗಂಟಲ ಪಟಕ್ಕೂ ಕೆಲಸ ಕೊಟ್ಟೆ. ಬೋನಸ್ ಆಕ್ಷನ್‌ನಲ್ಲಿ ಪಟ ಬಿಚ್ಚಿದರೆ 10 ಅಡಿ ಒಳಗೆ ನೋಡುತ್ತಿರುವ ಒಬ್ಬ ಎದುರಾಳಿ ವಿಸ್ಡಮ್ ಸೇವಿಂಗ್ ಥ್ರೋ ಮಾಡಬೇಕು. ಸೋತರೆ ಅವನ ಮುಂದಿನ ಏಟಿಗೆ ಡಿಸ್ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳಬೇಕು. ಪ್ರೊಫಿಷಿಯನ್ಸಿಯಷ್ಟು ಸಲ. 2017ರ ಕ್ಸಾನಥಾರ್ಸ್ ಗೈಡ್ ಪುಸ್ತಕದಲ್ಲಿ ಡ್ರ್ಯಾಗನ್ ಫಿಯರ್ ಅನ್ನುವ ಫೀಟ್, ಅಂದರೆ ಆರಿಸಿಕೊಂಡು ಪಡೆಯುವ ವಿಶೇಷ ಗುಣ, ಇದೆ. ಉಸಿರಿನ ಒಂದು ಬಳಕೆ ಬಿಟ್ಟುಕೊಟ್ಟು ಗರ್ಜಿಸಿದರೆ 30 ಅಡಿ ಒಳಗಿನವರೆಲ್ಲ ಹೆದರಬಹುದು. ಅದರ ಬಡ ತಮ್ಮ ಇದು. ಫೀಟ್ ಖರ್ಚಿಲ್ಲದೆ ಬರುವುದರಿಂದ ಬಡತನ ಸರಿಯೇ. ರೋಗ್‌ಗೆ ಬೋನಸ್ ಆಕ್ಷನ್‌ನಲ್ಲಿ ಓಡುವ, ಅಡಗುವ ಕೆಲಸಗಳೂ ಇರುವುದರಿಂದ ಪಟ ಬಿಚ್ಚುವ ಮುಂಚೆ ಅವನು ಪ್ರತಿ ಸಲ ಯೋಚಿಸುತ್ತಾನೆ. ಈ ಯೋಚನೆಯೇ ನನಗೆ ಬೇಕಾದದ್ದು. ಡ್ರ್ಯಾಗನ್ ಅನ್ನುವುದು ಪ್ರತಿ ಸರದಿಯಲ್ಲೂ ಆಟಗಾರನ ಕೈಗೆ ಎಟುಕುವ ಹಾಗೆ ಇರಬೇಕು.

ಐದನೇ ಲೆವೆಲ್‌ಗೆ ಇನ್ನೊಂದು: ದಿನಕ್ಕೊಮ್ಮೆ, ತೇಲಾಟದ ಕೊನೆಯಲ್ಲಿ 10 ಅಡಿ ಮೇಲಕ್ಕೆ ಏರಿ ಗೋಡೆಗೆ ಅಂಟಿಕೊಳ್ಳಬಹುದು. ಓತಿಯೂ ಮರ ಹಿಡಿಯುವ ಮುಂಚೆ ಮೂತಿ ಮೇಲೆತ್ತಿ ಸ್ವಲ್ಪ ಏರುತ್ತದೆ.

ಇಷ್ಟೆಲ್ಲ ಬರೆದು ಮುಗಿಸಿದಾಗ ಅವನ ಮೊದಲ ಪ್ರಶ್ನೆ, "ಅಣ್ಣ, ಜೋಗದ ಮೇಲಿಂದ ಹಾರಿದ್ರೆ?"

ಜೋಗ 253 ಮೀಟರ್, ಸುಮಾರು 830 ಅಡಿ. ಆಟದಲ್ಲಿ ಪ್ರತಿ 10 ಅಡಿ ಬಿದ್ದದ್ದಕ್ಕೆ 1ಡಿ6, ಜಾಸ್ತಿ ಅಂದರೆ 20ಡಿ6. ನಮ್ಮ ನಿಯಮದಲ್ಲಿ 100 ಅಡಿ ಕಳೆದರೂ 730 ಉಳಿಯುತ್ತದೆ. 20ಡಿ6ರ ಸರಾಸರಿ 70. ಅವನ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಅದರ ಅರ್ಧವೂ ಇಲ್ಲ. "ಹಾರು, ಆದರೆ ಹೊಸ ಕ್ಯಾರೆಕ್ಟರ್ ಶೀಟ್ ತಂದಿಟ್ಕೋ" ಅಂದೆ. ಓತಿಗೆ ಎತ್ತರದ ಮಿತಿ ಇಲ್ಲವಲ್ಲ ಅಂತ ಅವನ ಗೊಣಗಾಟ ಇನ್ನೂ ನಿಂತಿಲ್ಲ. ಚೀಲ ಹೊತ್ತು, ಚರ್ಮದ ಕವಚ ತೊಟ್ಟ ಆಳಿಗೂ ಅಂಗೈ ಅಗಲದ ಓತಿಗೂ ಒಂದೇ ಲೆಕ್ಕ ಹೇಗಾಗುತ್ತದೆ?

ಡ್ರೇಕ್ ಮತ್ತು ಕಾವಾಡಿ

ಅಕ್ಕನ ಮಗಳ ರೇಂಜರ್‌ಗೆ ಫಿಜ್‌ಬನ್ ಪುಸ್ತಕದ ಡ್ರೇಕ್‌ವಾರ್ಡನ್ ಸಬ್‌ಕ್ಲಾಸ್, ಅಂದರೆ ಡ್ರೇಕ್ ಸಾಕುವ ರೇಂಜರ್‌ಗಳ ಒಳಕವಲು. ಅವಳು ಪಾತ್ರದ ಹಿನ್ನೆಲೆಯನ್ನು ಸಕ್ರೆಬೈಲಿನ ಆನೆ ಬಿಡಾರದಿಂದ ತಂದಳು. ಅಲ್ಲಿ ಆನೆಗೆ ಮಾವುತ ಒಬ್ಬ, ಕಾವಾಡಿ ಒಬ್ಬ. ಮಾವುತ ಮೇಲೆ ಕೂರುವವನು. ಮೇವು ತರುವುದು, ಮೈ ತೊಳೆಯುವುದು ಕಾವಾಡಿಯ ಪಾಲು. ಅವಳ ಪಾತ್ರ ಸದ್ಯಕ್ಕೆ ಕಾವಾಡಿ, ಏಳನೇ ಲೆವೆಲ್‌ಗೆ ಮಾವುತಳಾಗುವ ಆಸೆ. ನಿಯಮಕ್ಕೂ ಇದು ಸರಿಯಾಗಿ ಕೂರುತ್ತದೆ. ಮೂರನೇ ಲೆವೆಲ್‌ನಲ್ಲಿ ಡ್ರೇಕ್ ಸ್ಮಾಲ್ ಗಾತ್ರ. ಏಳಕ್ಕೆ ಮೀಡಿಯಂ ಆಗಿ ರೆಕ್ಕೆ ಬರುತ್ತದೆ, ಮೇಲೆ ಕೂರಲೂಬಹುದು. ಆದರೆ ಕೂತರೆ ಅದು ಹಾರುವುದಿಲ್ಲ. ಹದಿನೈದಕ್ಕೆ ಲಾರ್ಜ್ ಆದ ಮೇಲೇ ಕೂತು ಹಾರುವುದು.

ಡ್ರೇಕ್‌ಗೆ ಹಿಟ್ ಪಾಯಿಂಟ್ 5 ಜೊತೆಗೆ ರೇಂಜರ್ ಲೆವೆಲ್‌ನ ಐದು ಪಟ್ಟು, ಅಂದರೆ ಮೂರನೇ ಲೆವೆಲ್‌ನಲ್ಲಿ 20. ರಕ್ಷಣೆ 14 ಕೂಡಿಸು ಪ್ರೊಫಿಷಿಯನ್ಸಿ, ಅಂದರೆ 16. ಗಟ್ಟಿ ಪ್ರಾಣಿ. ಸತ್ತರೆ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಒಂದು ಅವಕಾಶ) ಕೊಟ್ಟು ಮತ್ತೆ ಕರೆಯಬಹುದು. 30 ಅಡಿ ಒಳಗೆ ಬೇರೆಯವರು ಆಯುಧದಲ್ಲಿ ಹೊಡೆದು ತಾಗಿದರೆ ರಿಯಾಕ್ಷನ್‌ನಲ್ಲಿ 1ಡಿ6 ಹಾನಿ ಸೇರಿಸುತ್ತದೆ. ಭಾವನ ಕತ್ತಿಗೆ ಇದು ಸೇರಿದಾಗ ಮೇಜಿನ ಸುತ್ತ ಗಲಾಟೆ.

ತೊಡಕು ಒಂದೇ, ಬೋನಸ್ ಆಕ್ಷನ್. ಡ್ರೇಕ್‌ಗೆ ಕಚ್ಚು ಅನ್ನಲು ಬೋನಸ್ ಆಕ್ಷನ್ ಬೇಕು, ಇಲ್ಲದಿದ್ದರೆ ಅದು ತಪ್ಪಿಸಿಕೊಳ್ಳುತ್ತಾ ನಿಲ್ಲುತ್ತದೆ. ಶತ್ರುವಿಗೆ ಗುರುತು ಹಾಕುವ, ರೇಂಜರ್‌ನ ಹಂಟರ್ಸ್ ಮಾರ್ಕ್ ಮಂತ್ರಕ್ಕೂ ಬೋನಸ್ ಆಕ್ಷನ್ ಬೇಕು. ಗುರುತು ಹಾಕಿದ ಸರದಿಯಲ್ಲಿ ಡ್ರೇಕ್ ಸುಮ್ನೆ ನಿಂತಿರುತ್ತದೆ. "ಮಾವ, ಇದು ಹಸಿದಿರೋ ನಾಯಿ ಎದುರು ಬಿಸ್ಕತ್ ಇಟ್ಟು ಬೇಡ ಅಂದ ಹಾಗಾಯ್ತು" ಅಂದಳು. ಸರಿಯಾದ ದೂರು.

ಇಲ್ಲಿಯೂ ಅದೇ ಏಟಿನ ಬೆಲೆ ಸಹಾಯಕ್ಕೆ ಬಂತು. ಸಾಕು ಪ್ರಾಣಿ ಇರುವ ಬೀಸ್ಟ್ ಮಾಸ್ಟರ್ ರೇಂಜರ್‌ಗೆ ಈಗಿನ ನಿಯಮದಲ್ಲಿ ಒಂದು ದಾರಿ ಇದೆ. ತನ್ನ ಒಂದು ಏಟು ಬಿಟ್ಟುಕೊಟ್ಟು, ಆ ಏಟನ್ನು ಪ್ರಾಣಿಯೇ ಹೊಡೆಯಲಿ ಅನ್ನಬಹುದು. ಅದನ್ನೇ ಡ್ರೇಕ್‌ವಾರ್ಡನ್‌ಗೆ ಎರವಲು ತಂದೆವು. ಐದನೇ ಲೆವೆಲ್ ದಾಟಿದ ಮೇಲೆ ಎರಡು ಏಟಲ್ಲಿ ಒಂದನ್ನು ಕೊಟ್ಟರೆ ಆಯಿತು. ಅದಕ್ಕೂ ಮುಂಚೆ ಗುರುತು ಹಾಕಿದ ಸರದಿಯಲ್ಲಿ ತಾನು ಹೊಡೆಯಬೇಕೋ, ಡ್ರೇಕ್ ಕಚ್ಚಬೇಕೋ ಅನ್ನುವ ಆಯ್ಕೆ. ಇಬ್ಬರೂ ಹೊಡೆಯುವ ಹಾಗಿಲ್ಲ.

ಸಾರ್ಸರರ್ ಗೆಳೆಯನದು ಕಡಿಮೆ ಕೆಲಸ. 2024ರ ಡ್ರ್ಯಾಕೊನಿಕ್ ಸಾರ್ಸರಿಯಲ್ಲಿ ಕವಚ ಇಲ್ಲದಿದ್ದರೂ ರಕ್ಷಣೆ 10, ಚುರುಕುತನ ಮತ್ತು ಕರಿಸ್ಮಾ ಕೂಡಿಸಿದಷ್ಟು. ಹಾಗೇ ತೆಗೆದುಕೊಂಡೆವು. ಅವನು ಮೊದಲು ವಿಷ ಬೇಕು, ವಂಶ ಆಗುಂಬೆಯ ಕಾಳಿಂಗದ್ದು ಇರಲಿ ಅಂದಿದ್ದ. ಕಥೆಗೆ ಚೆನ್ನ. 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ ನಮ್ಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಅಂತಲೇ ಹೆಸರು ಬಂತು. ಆದರೆ ಆಟದಲ್ಲಿ ಅಸ್ಥಿಪಂಜರ, ಪ್ರೇತ, ರಾಕ್ಷಸ, ಯಂತ್ರದ ಬೊಂಬೆ ಎಲ್ಲಕ್ಕೂ ಸಾಮಾನ್ಯವಾಗಿ ವಿಷ ತಾಗುವುದಿಲ್ಲ. ಅದರ ಮೇಲೆ ಕಾಳಿಂಗ ವಿಷ ಉಗುಳುವ ಹಾವೂ ಅಲ್ಲ, ಕಚ್ಚುವ ಹಾವು. ಕವಲೇದುರ್ಗದ ನನ್ನ ಕಥೆಯ ಕೊನೆಯಲ್ಲಿ ಇರುವವರೆಲ್ಲ ಸತ್ತವರೇ. ಅದನ್ನು ಬಾಯಿ ಬಿಟ್ಟು ಹೇಳದೆ, "ಸಿಡಿಲು ತಗೋ" ಅಂದೆ. ತಗೊಂಡ.

ಹಾಳೆ, ತಂತಿ, ಎಲೆ

ಇನ್ನು ಮೇಜಿನ ಮೇಲಿನ ಸಾಮಾನು. ನಕ್ಷೆಯ ಮೇಲೆ 1 ಇಂಚಿನ ಚೌಕ ಅಂದರೆ 5 ಅಡಿ. 15 ಅಡಿಯ ಶಂಕು 3 ಇಂಚು ಉದ್ದ, 30 ಅಡಿಯ ಗೆರೆ 6 ಇಂಚು ಉದ್ದ 1 ಇಂಚು ಅಗಲ. ಇವುಗಳ ಅಚ್ಚು ಕತ್ತರಿಸಿಟ್ಟುಕೊಂಡರೆ ಯಾರಿಗೆ ಬೆಂಕಿ ತಾಗಿತು ಅನ್ನುವ ಜಗಳ ಇರುವುದಿಲ್ಲ. ರಟ್ಟಿನಲ್ಲಿ ಮಾಡಿದರೆ ಆಷಾಢದ ಗಾಳಿಗೆ ಮೆತ್ತಗಾಗಿ ಬಾಗುತ್ತದೆ. ಹಾಗಾಗಿ ಅಡಿಕೆ ಹಾಳೆ.

ತೋಟದಲ್ಲಿ ಬಿದ್ದ, ಹುಳ ಹಿಡಿಯದ ಹಾಳೆ ಆರಿಸಿ. ಉಜ್ಜಿ ತೊಳೆದು ಮೆತ್ತಗಾಗುವವರೆಗೆ ನೀರಲ್ಲಿ ನೆನೆಹಾಕಿ. ಅಂಚಿನ ತೆಳು ಭಾಗವನ್ನೂ ನಡುವಿನ ತೀರಾ ದಪ್ಪ ಭಾಗವನ್ನೂ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಹಳೆ ಬಟ್ಟೆ ಹಾಸಿ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಆವಿ ಬರುತ್ತಾ ಚಪ್ಪಟೆಯಾಗುತ್ತದೆ. ಬಿಸಿ ಇರುವಾಗಲೇ ಎರಡು ಹಲಗೆ ನಡುವೆ ಇಟ್ಟು ಮೇಲೆ ಒರಳು ಕಲ್ಲೋ ಅಕ್ಕಿ ಚೀಲವೋ ಹೇರಿ. ತಣ್ಣಗಾಗುವ ಮುಂಚೆ ತೆಗೆದರೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ಭಾವನ ಮನೆಯಲ್ಲಿ ಒಲೆ ಮೇಲೆ ಅಟ್ಟ ಇರುವುದರಿಂದ ಒಣಗಿಸುವ ಕೆಲಸ ಅಲ್ಲೇ. ಶಿವಮೊಗ್ಗದ ಮನೆಯಲ್ಲಿ ಫ್ಯಾನಿನ ಕೆಳಗೆ ಇಟ್ಟದ್ದು ಬೂಷ್ಟು ಹಿಡಿಯಿತು.

ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಗೆರೆಯ ಅಚ್ಚನ್ನು ನಾರಿನ ಉದ್ದಕ್ಕೇ ಕತ್ತರಿಸಬೇಕು, ಅಡ್ಡ ಕತ್ತರಿಸಿದರೆ ಒಂದು ಆಟಕ್ಕೇ ಮುರಿಯುತ್ತದೆ. ಶಂಕುವಿನ ತುದಿಯಿಂದ ಬುಡಕ್ಕೂ ನಾರು ನೇರ ಇರಲಿ.

ಶಂಕುವಿನ ಆಕಾರದ ಬಗ್ಗೆ ಒಂದು ಮಾತು. ತುದಿಯಿಂದ ಎಷ್ಟು ದೂರವೋ ಅಲ್ಲಿ ಅಷ್ಟೇ ಅಗಲ, ಇದು ನಿಯಮ. ಅಂದರೆ 3 ಇಂಚು ಎತ್ತರ, 3 ಇಂಚು ಬುಡ ಇರುವ ತ್ರಿಕೋನ. ತುದಿಯ ಕೋನ ಸುಮಾರು 53 ಡಿಗ್ರಿ. ಎತ್ತರ 3 ಇಂಚೇ ಇಟ್ಟು, ಕಂಪಾಸ್ ಹಿಡಿದು ಮೂರೂ ಬದಿ ಸಮ ಮಾಡಿದರೆ 60 ಡಿಗ್ರಿ ಆಗುತ್ತದೆ, ಬುಡ ಅರ್ಧ ಇಂಚಿನ ಹತ್ತಿರ ಜಾಸ್ತಿ ಬರುತ್ತದೆ. ಪುಕ್ಕಟೆ ಒಬ್ಬ ಗಾಬ್ಲಿನ್ ಸುಡುತ್ತಾನೆ. ಬುಡದ ಗೆರೆ ಎಳೆದು, ಅದರ ನಡುವಿನಿಂದ ನೇರ 3 ಇಂಚು ಮೇಲೆ ಚುಕ್ಕಿ ಇಟ್ಟು ಸೇರಿಸಿ. ಕೋನಮಾಪಕವೇ ಬೇಡ. ಡ್ರೇಕ್‌ಗೆ ಹನ್ನೊಂದನೇ ಲೆವೆಲ್‌ನಲ್ಲಿ 30 ಅಡಿಯ ಶಂಕು ಬರುತ್ತದೆ, ಅದಕ್ಕೆ 6 ಇಂಚಿಗೆ 6 ಇಂಚು. ಒಂದೇ ಹಾಳೆಯಲ್ಲಿ ಅಷ್ಟು ಚಪ್ಪಟೆ ಜಾಗ ಸಿಗುವುದು ಕಷ್ಟ, ದೊಡ್ಡ ಹಾಳೆ ಕಂಡಾಗ ಎತ್ತಿಟ್ಟುಕೊಳ್ಳಿ.

ಕೊನೆಗೆ ವಾರ್ನಿಷ್. ಎರಡೂ ಬದಿಗೆ ಹಚ್ಚಿ, ಅಂಚನ್ನೂ ಬಿಡಬೇಡಿ. ಒಂದೇ ಬದಿಗೆ ಹಚ್ಚಿದರೆ ಇನ್ನೊಂದು ಬದಿ ತೇವ ಕುಡಿದು ಬಾಗುತ್ತದೆ.

ಬೊಂಬೆಗಳಿಗೆ ತೆಳು ತಂತಿಯ ಎಲುಬು, ಮೇಲೆ ಎಂ-ಸೀಲ್. ಎರಡು ಬಣ್ಣದ ಮುದ್ದೆ ಚೆನ್ನಾಗಿ ಕಲಸಿ, ಕೈಗೆ ನೀರು ಮುಟ್ಟಿಸಿಕೊಂಡು ತಿದ್ದಬೇಕು. ಗಟ್ಟಿಯಾಗುವ ಮುಂಚೆ ಬೆಳ್ಳುಳ್ಳಿ ಬರುವ ಬಲೆ ಚೀಲವನ್ನು ಎಳೆದು ಒತ್ತಿದರೆ ಮೈಮೇಲೆ ಚಿಪ್ಪಿನ ಗುರುತು ಮೂಡುತ್ತದೆ. ಬಲೆ ಸಡಿಲ ಇದ್ದರೆ ಗುರುತು ಕಲಸಿಹೋಗುತ್ತದೆ, ಬಿಗಿಯಾಗಿ ಹಿಡಿಯಲು ಇನ್ನೊಬ್ಬರು ಬೇಕು. ಸ್ಮಾಲ್, ಮೀಡಿಯಂ ಎರಡಕ್ಕೂ 1 ಇಂಚಿನ ಚೌಕವೇ. ಡ್ರೇಕ್ ಏಳನೇ ಲೆವೆಲ್‌ಗೆ ಬೆಳೆದಾಗ ಪೀಠ ಬದಲಿಸಬೇಕಿಲ್ಲ, ರೆಕ್ಕೆ ಅಂಟಿಸಿದರೆ ಸಾಕು. ಅದಕ್ಕಾಗಿ ಬೆನ್ನಿನಲ್ಲಿ ಈಗಲೇ ಎರಡು ಸಣ್ಣ ತೂತು ಬಿಟ್ಟಿದ್ದೇವೆ.

ಓತಿಯ ರೆಕ್ಕೆಗೆ ಅರಳಿ ಎಲೆ. ವಾರಗಟ್ಟಲೆ ನೀರಲ್ಲಿ ಕೊಳೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಟ್ಟಿದರೆ ತಿರುಳು ಹೋಗಿ ನರದ ಜಾಲ ಉಳಿಯುತ್ತದೆ. ಅದನ್ನು ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ತೆಳ್ಳಗೆ ಹಚ್ಚಿದರೆ ಬೆಳಕು ಹಾಯುವ ಪೊರೆಯ ಹಾಗೆ ಗಟ್ಟಿಯಾಗುತ್ತದೆ. ಎಲೆಯ ಪಕ್ಕದ ನರಗಳೇ ಪಕ್ಕೆಲುಬು. ನಡುನರ ಇರುವ ಭಾಗ ಕತ್ತರಿಸಿ ತೆಗೆದು, ಎರಡು ಅರ್ಧಗಳನ್ನು ಪಕ್ಕೆಗೆ ಅಂಟಿಸಿ, ತೋಳಿಗೆ ಅಲ್ಲ. ಅಂಗೈಗಳನ್ನು ರೆಕ್ಕೆಯ ಮುಂದಿನ ಅಂಚಿಗೆ ತಾಗಿಸಿಬಿಟ್ಟೆ. ತೇಲುವಾಗ ಬಾಣ ಬಿಡುತ್ತೇನೆ ಅಂದಾಗಲೆಲ್ಲ ಬೊಂಬೆ ತೋರಿಸುತ್ತೇನೆ.

ಉಸಿರು, ಪಟ, ಸ್ಪೆಲ್ ಸ್ಲಾಟ್‌ಗಳ ಲೆಕ್ಕಕ್ಕೆ ಅಜ್ಜಿಯ ಚೆನ್ನೆಮಣೆ ಬಂತು. ಹದಿನಾಲ್ಕು ಗುಳಿ, ಹುಣಸೆ ಬೀಜ. ಬಳಸಿದಾಗ ಒಂದು ಬೀಜ ಹೊರಗೆ, ಪಾತ್ರಗಳು ಮಲಗಿ ಎದ್ದಾಗ ಮತ್ತೆ ಒಳಗೆ. ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಅಳಿಸಿ ತೂತು ಮಾಡುವುದು ತಪ್ಪಿತು.

ಹಂಚುವ ವಿಚಾರ

ಕನ್ನಡದಲ್ಲಿ ಬರೆದ ಡ್ರ್ಯಾಗನ್‌ಬಾರ್ನ್ ಹಾಳೆಯನ್ನು ಬೇರೆಯವರೂ ಕೇಳುತ್ತಿದ್ದಾರೆ. ಇದಕ್ಕೆ ಅಡ್ಡಿ ಇಲ್ಲ. ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ಅನ್ನುವ ಕಡತವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. 2024ರ ನಿಯಮಗಳ ಎಸ್‌ಆರ್‌ಡಿ 5.2 ಕೂಡ 2025ರಲ್ಲಿ ಅದೇ ರೀತಿ ಬಂತು. ಎರಡರಲ್ಲೂ ಡ್ರ್ಯಾಗನ್‌ಬಾರ್ನ್, ಡ್ರ್ಯಾಗನ್ ರಕ್ತದ ಸಾರ್ಸರರ್ ಇದ್ದಾರೆ. ಮೂಲದ ಹೆಸರು ನಮೂದಿಸಿದರೆ ಕನ್ನಡಕ್ಕೆ ತಂದು, ಬದಲಿಸಿ, ಹಂಚಬಹುದು. ಡ್ರೇಕ್‌ವಾರ್ಡನ್ ಅದರಲ್ಲಿ ಇಲ್ಲ, ಆ ಹಾಳೆ ನಮ್ಮ ಮನೆಯಲ್ಲೇ ಇರುತ್ತದೆ. ಓತಿಯ ವಂಶ ನಾವು ಬರೆದದ್ದು, ಯಾರು ಬೇಕಾದರೂ ತಗೊಳ್ಳಿ.

ಸದ್ಯಕ್ಕೆ ಎಲ್ಲರೂ ನಾಲ್ಕನೇ ಲೆವೆಲ್‌ನಲ್ಲಿ ಇದ್ದಾರೆ. ಐದಕ್ಕೆ ಏರಿದ ದಿನ ಭಾವನಿಗೆ ಹತ್ತು ನಿಮಿಷದ ರೆಕ್ಕೆ ಬರುತ್ತದೆ, ಬೋನಸ್ ಏಟಿನ ತೇಪೆ ಹೋಗುತ್ತದೆ. ಹೋಗುವುದನ್ನು ಅವರಿಗೆ ಇನ್ನೂ ನೆನಪಿಸಿಲ್ಲ. ಅದಕ್ಕೂ ಮುಂಚೆ ಅವರ ಬೊಂಬೆಗೆ ಬಿಚ್ಚಿ ಹಾಕುವ ರೆಕ್ಕೆ ಮಾಡಬೇಕು. ಇನ್ನೆರಡು ಅರಳಿ ಎಲೆ ಬಕೆಟ್‌ನಲ್ಲಿ ನೆನೆಯುತ್ತಿವೆ, ವಾಸನೆಗೆ ಅಮ್ಮ ಬಕೆಟನ್ನು ಹಿತ್ತಲಿಗೆ ಹಾಕಿದ್ದಾರೆ.